ಕೇಳದೆ ಕತ್ತರಿ ಹಾಕಬಾರದು

ಭಾವಚಿತ್ರವನ್ನು ಎಲ್ಲಿಡಬೇಕು ಎಂಬ ವಿಷಯಕ್ಕೆ ಹೋದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಸಣ್ಣದೊಂದು ಜಗಳವೇ ಆಯಿತು. ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿ, ನಿವೃತ್ತರಾಗಿ ಸಿದ್ಧಾರ್ಥನಗರದ ಮನೆಯಲ್ಲಿದ್ದ ಮೇಡಂ ತೀರಿಕೊಂಡಿದ್ದರು. ಕಾಲೇಜಿನಲ್ಲಿ ಅವರಿಗೊಂದು ನುಡಿನಮನ ಏರ್ಪಾಡಾಗಿತ್ತು. ಫೋಟೋ ವೇದಿಕೆಯ ಮೇಲಿರಲಿ ಎಂದು ಕೆಲವರು. ವೇದಿಕೆ ಕಂಡರೆ ಮೂಗು ಮುರಿಯುತ್ತಿದ್ದವರು, ಕೆಳಗೇ ಇಡಿ ಎಂದು ಇನ್ನು ಕೆಲವರು. "ಅವ್ರ ಜೊತೆ ಜಾಸ್ತಿ ಓಡಾಡಿದೋರು ನೀವೇ, ನೀವೇ ಹೇಳಿ ಸಾರ್" ಎಂದು ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಕಾಲ ಜೊತೆಗಿದ್ದೂ ಅವರ ಲೆಕ್ಕದಲ್ಲಿ ಯಾವುದು ಮರ್ಯಾದೆ, ಯಾವುದು ಅವಮರ್ಯಾದೆ ಎಂಬುದು ನನಗೆ ಇವತ್ತಿಗೂ ನೆಟ್ಟಗೆ ತಿಳಿದಿಲ್ಲ.

ನನ್ನ ಗೊಂದಲ ಅರ್ಥವಾಗಬೇಕಾದರೆ ನನ್ನ ಕಸುಬು ಏನೆಂದು ಗೊತ್ತಿರಬೇಕು. ಸಂಬಳ ಕನ್ನಡ ಪಾಠಕ್ಕೆ, ಹೆಸರು ಮಾತ್ರ ಸಮಾರಂಭಗಳ ನಿರೂಪಣೆಗೆ. "ವೇದಿಕೆಯ ಮೇಲೆ ಆಸೀನರಾಗಿರುವ ಸಮಸ್ತ ಗಣ್ಯರೇ" ಎಂದು ನಾನು ಎಳೆದು ಶುರುಮಾಡಿದರೆ ಹಿಂದಿನ ಸಾಲಿನ ಹರಟೆ ತಾನಾಗಿ ನಿಲ್ಲುತ್ತಿತ್ತು. ದೀಪ ಹಚ್ಚುವಾಗ ಮೊದಲ ಬತ್ತಿ ಯಾರದು, ಯಾರಿಗೆ ಬರೀ ಹೂಗುಚ್ಛ, ಯಾರಿಗೆ ಶಾಲು, ಯಾರಿಗೆ ಶಾಲಿನ ಮೇಲೆ ಪೇಟ ಮತ್ತು ಹಣ್ಣಿನ ಬುಟ್ಟಿ, ಇವೆಲ್ಲ ನನಗೆ ಬಾಯಿಪಾಠ. ಈ ಕ್ರಮದಲ್ಲಿ ಎಡವಟ್ಟಾದರೆ ಮೈಸೂರಿನ ಜನ ಜಗಳವಾಡುವುದಿಲ್ಲ. ನಗುನಗುತ್ತಲೇ ಕಾಫಿ ಕುಡಿದು, "ಬಹಳ ಚೆನ್ನಾಗಾಯ್ತು" ಎಂದು ಹೇಳಿ ಹೋಗಿ, ಆಮೇಲೆ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಇಂಥ ಊರಿನಲ್ಲಿ ಮೇಡಂ ವಿಚಾರ ಸಂಕಿರಣ ನಡೆಸುತ್ತಿದ್ದರು, ನಾನು ಅವರ ಬೆನ್ನಿಗಿರುತ್ತಿದ್ದೆ.

ಮೇಡಂ ಕುಳ್ಳಗಿದ್ದರು. ಹೆಗಲಿಗೆ ತಮಗಿಂತ ದೊಡ್ಡದೆನಿಸುವ ಬ್ಯಾಗು, ಹಳೆಯ ಸ್ಕೂಟರು, ಮೈಕ್ ಇಲ್ಲದೆಯೂ ಮೈದಾನ ದಾಟುವ ಗಂಟಲು. ಅವರ ತಂದೆಗೆ ದೇವರಾಜ ಮೊಹಲ್ಲಾದಲ್ಲಿ ಜವಳಿ ಅಂಗಡಿ ಇತ್ತು. ಹುಡುಗಿಯಾಗಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಅಪ್ಪನಿಂದ ಕಲಿತ ಒಂದು ಮಾತನ್ನು ಅವರು ಜೀವನಪೂರ್ತಿ ಎಲ್ಲದಕ್ಕೂ ಬಳಸಿದರು: "ಗಿರಾಕೀನ ಕೇಳ್ದೆ ಕತ್ತರಿ ಹಾಕಬಾರದು. ಕತ್ತರಿಸಿದ ಬಟ್ಟೆ ಎಷ್ಟೇ ಚೆನ್ನಾಗಿ ಹೊಲಿದ್ರೂ ಗೆರೆ ಉಳೀತದೆ." ಹೀಗಾಗಿ ನಾವು ಏನು ಮಾಡಹೊರಟರೂ ಅವರದು ಒಂದೇ ಪ್ರಶ್ನೆ: "ಅವ್ರನ್ನ ಕೇಳಿದ್ರೇನ್ರೀ?" ವಯಸ್ಸಾದ ಅತಿಥಿಗೆ ಸಕ್ಕರೆ ಹಾಕದ ಕಾಫಿ ಕೊಟ್ಟೆ ಎಂದರೆ, ಕೇಳಿದ್ರೇನ್ರೀ? ಕಣ್ಣು ಕಾಣದ ಸಂಶೋಧಕರೊಬ್ಬರ ಕೈಹಿಡಿದು ದರದರ ಕರೆದುಕೊಂಡು ಬಂದೆ ಎಂದರೆ, ಕೇಳಿದ್ರೇನ್ರೀ? ಆ ಸಂಶೋಧಕರು ನನ್ನ ಕೈ ಬಿಡಿಸಿಕೊಂಡು, ತಾವೇ ನನ್ನ ಮೊಣಕೈ ಹಿಡಿದು, "ಹೀಗೆ ನಡೀರಿ, ನೀವು ಮುಂದೆ, ನಾನು ಹಿಂದೆ" ಎಂದರು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಆ ದಿನ ಊಟದ ಮನೆ ಮುಟ್ಟುವವರೆಗೂ ನನಗೆ ಅನುಮಾನವೇ ಇತ್ತು.

ಮೈಕಿನ ವಿಷಯದಲ್ಲಿ ಅವರಿಗೆ ಎಷ್ಟೋ ಜನ ಶತ್ರುಗಳಾದರು. ನಮ್ಮ ಕಡೆಯ ವಿದ್ವಾಂಸರಿಗೆ ಒಂದು ಹೆಮ್ಮೆಯುಂಟು. ಮೈಕನ್ನು ಪಕ್ಕಕ್ಕೆ ಸರಿಸಿ, "ನನಗಿದು ಬೇಡ, ನನ್ನ ಧ್ವನಿಯೇ ಸಾಕು" ಎಂದು ಎದೆಯುಬ್ಬಿಸುವುದು. ಸಭೆ ನಗಬೇಕು, ಅದು ಸಂಪ್ರದಾಯ. ಮೇಡಂ ಮಾತ್ರ ಹಿಂದಿನ ಸಾಲಿನಿಂದ ಎದ್ದುಬಂದು ಮೈಕನ್ನು ಮತ್ತೆ ಅವರ ಬಾಯಿಗೆ ಹಿಡಿಯುತ್ತಿದ್ದರು. "ಮೈಕ್ ನಿಮಗಲ್ಲ ಸಾರ್, ಕಿವಿ ಮಂದ ಇರೋರಿಗೆ. ಯಾರಿಗೆ ಮಂದ ಅಂತ ಅವ್ರನ್ನ ಕೈಯೆತ್ತಿಸಿ ಕೇಳೋದಕ್ಕಾಗುತ್ತಾ?" ಇನ್ನೊಮ್ಮೆ ಬೆಂಗಳೂರಿನಿಂದ ಬಂದ ದೊಡ್ಡ ಭಾಷಣಕಾರರು ಪರದೆಯ ಮೇಲೆ ಚಿತ್ರ ತೋರಿಸಲು ಹಾಲಿನ ದೀಪ ಆರಿಸಿದರು. ಕಿವಿ ಕೇಳದ ವಿದ್ಯಾರ್ಥಿನಿಯೊಬ್ಬಳಿಗೆ ಕೈಸನ್ನೆಯಲ್ಲಿ ಭಾಷಣವನ್ನು ತಿಳಿಸುತ್ತಿದ್ದ ಹೆಂಗಸು ಕತ್ತಲಲ್ಲಿ ಮುಳುಗಿಹೋದರು. "ಲೈಟ್ ಹಾಕ್ರೀ! ಕತ್ಲಲ್ಲಿ ಕೈ ಮಾತಾಡುತ್ತಾ?" ಎಂದು ಮೇಡಂ ಕೂಗಿದ್ದಕ್ಕೆ ಭಾಷಣಕಾರರು ಬೆಚ್ಚಿ ನೀರಿನ ಲೋಟ ಬೀಳಿಸಿದರು. ಇದು ಅತಿಥಿಗೆ ಮಾಡುವ ಮರ್ಯಾದೆಯೇ? ನಾನು ಆ ಭಾಷಣಕಾರರ ಒದ್ದೆ ಪಂಚೆ ನೋಡಿ ಕರವಸ್ತ್ರ ಹಿಡಿದು ಓಡಿದೆ. ಆಮೇಲೆ ದೀಪ ಹತ್ತಿದಾಗ ಅರಳಿದ ಆ ಹುಡುಗಿಯ ಮುಖ ನೋಡಿ ಏನು ಅನ್ನಿಸಬೇಕೆಂದೇ ತಿಳಿಯಲಿಲ್ಲ.

ಊಟದಲ್ಲೂ ಅಷ್ಟೇ. ಗಣ್ಯರಿಗೆ ಬೇರೆ ಕೋಣೆಯಲ್ಲಿ ಎಲೆ ಹಾಕಿ ಬಡಿಸುವುದನ್ನು ನಿಲ್ಲಿಸಿದರು. ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯಬೇಕು. ಬೆಳ್ಳುಳ್ಳಿ ಇದೆಯೋ ಇಲ್ಲವೋ, ಕಡಲೆಕಾಯಿ ಹಾಕಿದೆಯೋ ಇಲ್ಲವೋ, ಒಂದೊಂದು ಪಾತ್ರೆಯ ಮುಂದೂ ಚೀಟಿ. "ಸಾರಿಗೂ ಹುಳಿಗೂ ಬೋರ್ಡು ಹಾಕ್ಬೇಕಾ ಮೇಡಂ, ಬಸ್ಸಾ ಇದು?" ಎಂದು ಅಡುಗೆಯವರು ತಲೆ ಚಚ್ಚಿಕೊಂಡರು. ಸರಿ, ಇದು ಸಮಾನತೆ, ಇದಾದರೂ ಅರ್ಥವಾಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಅದೇ ಮಧ್ಯಾಹ್ನ ನೋಡಿದರೆ ಮೇಡಂ ಅತಿಥಿಯೊಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ತಾವೇ ತಟ್ಟೆ ಒಯ್ಯುತ್ತಿದ್ದಾರೆ. "ಇದೇನ್ ಮೇಡಂ, ಎಲ್ರಿಗೂ ಒಂದೇ ಅಂದಿದ್ರಿ?" ಎಂದೆ. "ನಾನ್ಯಾವಾಗ ಅಂದೆ? ಅವ್ರು ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಕೋಬೇಕು, ಜನರ ಮುಂದೆ ಸಂಕೋಚ, ಒಂದು ಕೋಣೆ ಬೇಕು ಅಂದ್ರು, ಕೊಟ್ಟೆ." ಒಂದು ನಿಯಮ ಹೇಳಿ, ಅದನ್ನು ಹಿಡಿದುಕೊಂಡು ಬದುಕುತ್ತೇನೆ ಎಂದರೆ ಅವರ ಹತ್ತಿರ ನಿಯಮವೇ ಇರಲಿಲ್ಲ.

ಇನ್ನು ಶಾಸನದ ಮೇಷ್ಟ್ರ ವಿಷಯ. ಅವರನ್ನು ಊರೆಲ್ಲ ಹಾಗೇ ಕರೆಯುತ್ತಿತ್ತು. ರಾಮಕೃಷ್ಣನಗರದಲ್ಲಿ ಮನೆ, ಹಳಗನ್ನಡ ಶಾಸನಗಳನ್ನು ಓದುವುದರಲ್ಲಿ ಎತ್ತಿದ ಕೈ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಕಾಲು ಸ್ವಾಧೀನದಲ್ಲಿರಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಒಮ್ಮೆ ಬೇರೊಂದು ಕಡೆಯ ಸಮಾರಂಭದಲ್ಲಿ ಅವರಿಗೆ ಸನ್ಮಾನವಿತ್ತು. ಮೇಡಂ ಮತ್ತು ನಾನು ಸಭೆಯಲ್ಲಿ ಕೂತಿದ್ದೆವು. ಅವರ ಹೆಸರು ಕರೆದ ಕೂಡಲೇ ನಾಲ್ಕು ಜನ ಗಟ್ಟಿಮುಟ್ಟಾದವರು ಬಂದು, ಕುರ್ಚಿಸಮೇತ ಅವರನ್ನು ಎತ್ತಿ, ಉತ್ಸವಮೂರ್ತಿಯ ಹಾಗೆ ಮೆಟ್ಟಿಲು ಹತ್ತಿಸಿದರು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ನಾನೂ ಕಣ್ಣು ತೇವ ಮಾಡಿಕೊಂಡು ಜೋರಾಗಿ ತಟ್ಟುತ್ತಿದ್ದೆ. ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿದರು. "ಅವ್ರ ಮುಖ ನೋಡ್ರೀ." ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿ, ಕುರ್ಚಿಯ ಕೈಗಳನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದಿದ್ದರು. ಆಮೇಲೆ ಅವರು ಯಾವ ಸಭೆಗೆ ಬಂದರೂ "ನನ್ನನ್ನ ಕೆಳಗೇ ಬಿಡಿ" ಎನ್ನುತ್ತಿದ್ದರು. ಜನ ವೇದಿಕೆಯಿಂದ ಇಳಿದುಬಂದು ಅವರಿಗೆ ಶಾಲು ಹೊದಿಸಿ, ಮತ್ತೆ ಮೇಲೆ ಹೋಗುತ್ತಿದ್ದರು.

ಹೀಗಿರುವಾಗ ನಮ್ಮ ಕಾಲೇಜಿನಲ್ಲಿ ಶಾಸನಗಳ ಬಗ್ಗೆ ಎರಡು ದಿನದ ಸಂಕಿರಣ. ಅಧ್ಯಕ್ಷತೆ ಶಾಸನದ ಮೇಷ್ಟ್ರದು. ಅಷ್ಟು ವಿದ್ವತ್ತಿದ್ದೂ ಅವರನ್ನು ಅದುವರೆಗೆ ಯಾರೂ ಅಧ್ಯಕ್ಷರನ್ನಾಗಿ ಕರೆದಿರಲಿಲ್ಲ. ಮೇಡಂ ತೀರ್ಮಾನ ಮಾಡಿದರು: ಈ ಸಲ ವೇದಿಕೆಯೇ ಇಲ್ಲ. ಹಾಲಿನ ನೆಲದ ಮೇಲೆ ಸುತ್ತಲೂ ಕುರ್ಚಿ, ಅಧ್ಯಕ್ಷರೂ ಅಲ್ಲೇ, ಎಲ್ಲರೂ ಅಲ್ಲೇ. "ವೇದಿಕೆಯಿಲ್ಲದ ಸಮಾರಂಭ ಅಂದ್ರೆ ಮಂಟಪವಿಲ್ಲದ ಮದುವೆ ಮೇಡಂ" ಎಂದು ನಾನು ಅಂಗಲಾಚಿದೆ. "ರಿಜಿಸ್ಟರ್ ಆಫೀಸಲ್ಲಿ ಮದುವೆ ಆದೋರು ಸಂಸಾರ ಮಾಡ್ತಿಲ್ವೇನ್ರೀ?" ಎಂದರು. ಆಮೇಲೆ ಮೇಷ್ಟ್ರಿಗೆ ಫೋನು ಮಾಡಿ ಸಮಸ್ತವನ್ನೂ ವಿಚಾರಿಸಿದರು. ಯಾವ ಗಾಡಿ ಬೇಕು, ಎಷ್ಟು ಹೊತ್ತಿಗೆ ಊಟ, ಬಚ್ಚಲುಮನೆಯ ಬಾಗಿಲು ಎಷ್ಟು ಅಗಲವಿರಬೇಕು. ತಾವೇ ಟೇಪು ಹಿಡಿದು ಬಾಗಿಲು ಅಳೆದು, ಸಾಲದು ಎಂದು ಚೌಕಟ್ಟು ಬದಲಾಯಿಸಿದರು. ನಾನು ಮನೆಯಲ್ಲಿ ಕೂತು "ವೇದಿಕೆಯ ಮೇಲೆ ಆಸೀನರಾಗಿರುವ" ಎಂಬುದರ ಬದಲಿಗೆ ಏನು ಹೇಳುವುದು ಎಂದು ತಲೆ ಕೆರೆದುಕೊಂಡೆ. "ನೆಲದ ಮೇಲೆ ಆಸೀನರಾಗಿರುವ" ಎಂದರೆ ಊಟದ ಪಂಕ್ತಿಯಾಗುತ್ತದೆ.

ಸಂಕಿರಣದ ಬೆಳಿಗ್ಗೆ ಮೇಷ್ಟ್ರು ಬಂದರು. ಮುಚ್ಚುಕಾಲರಿನ ಕೋಟು, ಎದೆಯ ಮೇಲೆ ಮಡಿಕೆ ಕೆಡದ ಅಂಗವಸ್ತ್ರ. ಹಿಂದೆ ಅವರ ಹೆಂಡತಿ, ರೇಷ್ಮೆ ಸೀರೆಯುಟ್ಟು, ನಾದಿನಿಯರನ್ನೂ ಅವರ ಮಕ್ಕಳನ್ನೂ ಕಟ್ಟಿಕೊಂಡು ಬಂದಿದ್ದರು. ಮೇಷ್ಟ್ರು ಹಾಲಿನ ಬಾಗಿಲಲ್ಲೇ ಕುರ್ಚಿ ನಿಲ್ಲಿಸಿ, ಪರದೆ ಎಳೆದು ಕತ್ತಲಾಗಿದ್ದ ವೇದಿಕೆಯನ್ನು ನೋಡಿದರು.

"ವೇದಿಕೆ ಯಾಕಮ್ಮಾ ಮುಚ್ಚಿದೆ?"

ಮೇಡಂ ಉತ್ಸಾಹದಿಂದ ವಿವರಿಸಿದರು. ಇಲ್ಲಿ ಮೇಲು ಕೆಳಗು ಇಲ್ಲ, ನಿಮಗೋಸ್ಕರವೇ ಹೀಗೆ ಮಾಡಿದ್ದೇವೆ, ಇತ್ಯಾದಿ. ಮೇಷ್ಟ್ರು ಕೊನೆಯವರೆಗೂ ಕೇಳಿಸಿಕೊಂಡು, ಮೆಲ್ಲಗೆ, "ಬೇರೆಯೋರು ಅಧ್ಯಕ್ಷರಾದಾಗ ವೇದಿಕೆ ಇರುತ್ತೆ. ನಾನಾದಾಗ ಇರಲ್ಲ. ನನ್ನನ್ನ ಕೇಳಿದ್ರೇನಮ್ಮಾ?" ಎಂದರು.

ಪಕ್ಕದಲ್ಲಿ ಅವರ ಹೆಂಡತಿ ಸೆರಗಿನ ತುದಿ ತಿರುವುತ್ತಾ, "ಇವತ್ತು ಇವ್ರು ಮೇಲೆ ಕೂರ್ತಾರೆ ಬನ್ನಿ ಅಂತ ಎಲ್ರಿಗೂ ಹೇಳ್ಕೊಂಡ್ ಬಂದ್ಬುಟ್ಟೆ" ಎಂದರು. ಮೇಷ್ಟ್ರು ಕುರ್ಚಿ ತಿರುಗಿಸತೊಡಗಿದರು. "ಹೋಗ್ತೀನಿ. ಕೋಪ ಏನಿಲ್ಲ. ನೀವು ನಡೆಸಿ."

ಮೇಡಂ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನನ್ನ ಕಡೆ ತಿರುಗಿ, "ಕೇಳ್ದೆ ಕತ್ತರಿ ಹಾಕ್ಬುಟ್ಟೆ ಕಣ್ರೀ" ಎಂದರು. ಆ ಸನ್ಮಾನದ ದಿನ ಮೇಷ್ಟ್ರ ಕಣ್ಣು ಮುಚ್ಚಿದ ಮುಖ ನೋಡಿ ಉತ್ತರ ಗೊತ್ತಾಯಿತು ಅಂದುಕೊಂಡಿದ್ದರು. ಗಾಡಿ, ಊಟ, ಬಾಗಿಲು ಎಲ್ಲವನ್ನೂ ಕೇಳಿದ್ದವರು ವೇದಿಕೆ ಬೇಕೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿರಲಿಲ್ಲ. ನನಗೋ ತಲೆ ಗಿರ್ರೆಂದಿತು. ವೇದಿಕೆಗೆ ಹತ್ತಿಸಿದರೆ ಅವಮಾನ, ತೆಗೆದುಹಾಕಿದರೂ ಅವಮಾನ. ಹಾಗಾದರೆ ಮನುಷ್ಯ ಏನು ಮಾಡಬೇಕು?

ಮೇಡಂ ಒಂದು ಕುರ್ಚಿ ಎಳೆದು ಮೇಷ್ಟ್ರ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕೂತರು. "ತಪ್ಪಾಯ್ತು ಸಾರ್. ಈಗ ಕೇಳ್ತೀನಿ. ಏನ್ ಬೇಕು ನಿಮಗೆ?"

ಮೇಷ್ಟ್ರು ಮುಚ್ಚಿದ ಪರದೆಯ ಕಡೆ ಬೆರಳು ತೋರಿಸಿ, "ಮೇಲೆ ಹೋಗ್ಬೇಕು. ಹೊತ್ಕೊಂಡಲ್ಲ, ಇದೇ ಗಾಲಿ ಮೇಲೆ. ಕೆಳಗಿಂದ ನೋಡಿ ನೋಡಿ ಕತ್ತು ನೋವು ಬಂದ್ಬಿಟ್ಟಿದೆ ಅಮ್ಮಾ" ಎಂದರು. ಅಷ್ಟು ದೊಡ್ಡ ವಿದ್ವಾಂಸರು ಮಗುವಿನಂತೆ ಒಂದು ವೇದಿಕೆ ಕೇಳುತ್ತಿದ್ದುದನ್ನು ನೋಡಿ ನನಗೆ ದುಃಖ ತಡೆಯಲಿಲ್ಲ.

ಉದ್ಘಾಟನೆ ಮಧ್ಯಾಹ್ನಕ್ಕೆ ಹೋಯಿತು, ಪ್ರಬಂಧ ಮಂಡನೆ ಬೆಳಿಗ್ಗೆಗೆ, ಪಕ್ಕದ ಕೊಠಡಿಗೆ ಬಂತು. ಅಂಗಳದಲ್ಲಿ ಪೆಂಡಾಲು ಹಾಕಿದ್ದ ಶಾಮಿಯಾನದವರನ್ನು ಕರೆಸಿದರು. ಅವರು ಎದೆಮಟ್ಟದ ವೇದಿಕೆಯನ್ನೂ ತಾವು ತಂದಿದ್ದ ಹಲಗೆಯನ್ನೂ ನೋಡಿ, "ಇಷ್ಟ್ ಗಿಡ್ಡ ಹಲಗೇಲಿ ಎಂಗೆ ಸಾ? ಇಳಿಜಾರಾಗಲ್ಲ, ಜಾರುಬಂಡೆ ಆಯ್ತದೆ" ಎಂದರು. ಹಲಗೆಗೆ ಹಲಗೆ ಸೇರಿಸಿ, ಕೆಳಗೆ ಮರದ ಪೆಟ್ಟಿಗೆ ಕೊಟ್ಟು, ಎರಡು ಪಕ್ಕಕ್ಕೂ ಪಟ್ಟಿ ಹೊಡೆದಾಗ ಆ ದಾರಿ ವೇದಿಕೆಯಿಂದ ಹೊರಟು ಹಾಲಿನ ನಡುಭಾಗದವರೆಗೆ ಬಂತು. ಸುತ್ತ ಹಾಕಿದ್ದ ಕುರ್ಚಿಗಳನ್ನೆಲ್ಲ ಎರಡು ಬದಿಗೆ ಎಳೆಯಬೇಕಾಯಿತು. ಪ್ರಬಂಧ ಮಂಡಿಸಲು ಬಂದ ಪ್ರಾಧ್ಯಾಪಕರೂ ಎಳೆದರು, ಕೆಲವರು ಗೊಣಗುತ್ತಾ, ಕೆಲವರು ಖುಷಿಯಿಂದ. "ನೀವು ಕೂತ್ಕೊಂಡು ಒಂದ್ಸಲ ನೋಡಿ ಸಾರ್" ಎಂದು ಮೇಡಂ ನನ್ನನ್ನೇ ಪರೀಕ್ಷೆಗೆ ಹಚ್ಚಿದರು. ಕಚೇರಿಯಿಂದ ತಂದ ಗಾಲಿಕುರ್ಚಿಯಲ್ಲಿ ಕೂತು ನಾನು ಕೈಯಿಂದ ತಳ್ಳಿಕೊಂಡು ಅರ್ಧ ಏರುವಷ್ಟರಲ್ಲಿ ತೋಳು ಬಿದ್ದುಹೋಯಿತು. ಶಾಮಿಯಾನದವರು ಇನ್ನಷ್ಟು ಹಲಗೆ ಸೇರಿಸಿ ದಾರಿಯನ್ನು ಉದ್ದ ಮಾಡಿದರು.

ಊಟವಾದ ಮೇಲೆ ಪರದೆ ತೆರೆಯಿತು. ನಾನು ಮೇಷ್ಟ್ರ ಹೆಸರು ಕರೆದೆ. ಅವರು ಚಕ್ರಗಳಿಗೆ ಕೈಹಾಕಿ ಹೊರಟರು. ಮೇಡಂ ಅವರ ಹಿಂದೆ ಒಂದು ಮಾರು ದೂರದಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆದರು. ಇಳಿಜಾರಿನ ಮುಕ್ಕಾಲು ಭಾಗದಲ್ಲಿ ಕುರ್ಚಿ ನಿಂತಿತು. ಮೇಷ್ಟ್ರ ಬೆನ್ನು ಏರಿಳಿಯುತ್ತಿತ್ತು. ಮುಂದಿನ ಸಾಲಿನಿಂದ ಇಬ್ಬರು ಎದ್ದರು. ಮೇಡಂ ತಿರುಗದೆಯೇ ಕೈಯೆತ್ತಿ ಅವರನ್ನು ತಡೆದರು. ಮೇಷ್ಟ್ರ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದರು. ಹಿಂದಕ್ಕೆ ಜಾರಿದರೆ ಏನು ಗತಿ ಎಂದು ನಾನು ಮೈಕ್ ಬಿಟ್ಟು ವೇದಿಕೆಯ ಅಂಚಿಗೆ ಬಂದೆ.

ಮೇಷ್ಟ್ರು ಮುಂದಕ್ಕೆ ನೋಡುತ್ತಲೇ, "ಅಮ್ಮಾ, ಸ್ವಲ್ಪ ಕೈ ಕೊಡಿ" ಎಂದರು.

ಮೇಡಂ ಓಡಿಹೋಗಿ ತಳ್ಳಿದರು. ಇಬ್ಬರೂ ಮೇಲೆ ಮುಟ್ಟಿದರು. ನಾನು ಮೆಲ್ಲಗೆ, "ಅವ್ರು ತಾವೇ ಹೋಗ್ಬೇಕು ಅಂದಿದ್ರಲ್ಲ ಮೇಡಂ?" ಎಂದೆ. "ಈಗ ಕೇಳಿದ್ರಲ್ಲ ಕಣ್ರೀ" ಎಂದರು, ಏದುಸಿರು ಬಿಡುತ್ತಾ. ಕೆಳಗೆ ಸಭೆಯಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ಮೇಡಂ ಬಗ್ಗೆ ಗೊತ್ತಿದ್ದವರೆಲ್ಲ ಎಲ್ಲಿ ಚಪ್ಪಾಳೆ ತಟ್ಟಿಬಿಡುತ್ತೇವೋ ಎಂದು ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡಿದ್ದರು. ಮೇಷ್ಟ್ರು ಮೈಕು ಎಳೆದುಕೊಂಡು, "ಯಾಕೆ, ನಂಗೆ ಯಾರೂ ಚಪ್ಪಾಳೆ ಹೊಡೆಯಲ್ವಾ?" ಎಂದರು. ಆಗ ಎದ್ದ ಸದ್ದಿಗೆ ಹಾಲಿನ ಸೂರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಅದೇ ಚಪ್ಪಾಳೆ ಒಂದು ದಿನ ತಪ್ಪು, ಇನ್ನೊಂದು ದಿನ ಸರಿ. ಎರಡೂ ದಿನ ತಟ್ಟಿದವನು ನಾನೇ, ವ್ಯತ್ಯಾಸ ಕೈಗಂತೂ ತಿಳಿಯಲಿಲ್ಲ.

ಮೇಡಂ ಅಲ್ಲಿ ನಿಲ್ಲಲಿಲ್ಲ. ಇಳಿದುಹೋಗಿ ಬಾಗಿಲ ಹತ್ತಿರ ಕೊನೆಯ ಸಾಲಿನಲ್ಲಿ ಕೂತರು. ವಂದನಾರ್ಪಣೆಯಲ್ಲಿ ನಾನು ಎರಡು ಸಲ ಕರೆದರೂ ಮೇಲೆ ಬರಲಿಲ್ಲ. ಅವರ ಬೀಳ್ಕೊಡುಗೆಯ ದಿನವೂ ಹಾಗೇ. ಶಾಲು, ಪೇಟ, ಬುಟ್ಟಿ ಎಲ್ಲ ಸಿದ್ಧಮಾಡಿಟ್ಟಿದ್ದೆವು, ಅವರು ಕೆಳಗೇ ನಿಂತು ಕೈಮುಗಿದು ಹೋಗಿಬಿಟ್ಟರು. ವಿನಯವೋ, ಹಟವೋ, ಅಥವಾ ಜನ ತಮ್ಮನ್ನು ನೋಡುವುದಕ್ಕೆ ನಾಚಿಕೆಯೋ. ಊರಿಗೆಲ್ಲ ಏನು ಬೇಕೆಂದು ಕೇಳಿದ ಹೆಂಗಸು ತನಗೇನು ಬೇಕೆಂದು ಒಂದು ದಿನವೂ ಬಾಯಿಬಿಡಲಿಲ್ಲ.

ಆದ್ದರಿಂದ ಫೋಟೋ ಎಲ್ಲಿಡಬೇಕೆಂದು ನಾನು ಹೇಗೆ ಹೇಳಲಿ? ಕೊನೆಗೆ ಬಹುಮತದ ಪ್ರಕಾರ ವೇದಿಕೆಯ ಮೇಲೆ, ಒಂಟಿ ಕುರ್ಚಿಯಲ್ಲಿ, ಮೈಸೂರು ಮಲ್ಲಿಗೆಯ ಹಾರ ಹಾಕಿ ಇಟ್ಟರು. ಇದು ಸರಿಯೇ ಮೇಡಂ ಎಂದು ಒಳಗೊಳಗೇ ಕೇಳಿದೆ. ಕೇಳಿದರೆ ಉತ್ತರ ಹೇಳುವವರು ಇರಬೇಕಲ್ಲ.

ಸಭೆ ಶುರುವಾಗುವ ಹೊತ್ತಿಗೆ ಶಾಸನದ ಮೇಷ್ಟ್ರು ಬಂದರು. ತುಂಬ ಮುಪ್ಪಾಗಿದ್ದಾರೆ, ಈಗ ಕುರ್ಚಿಯನ್ನು ಹೆಂಡತಿಯೇ ತಳ್ಳುತ್ತಾರೆ. ಅಂದು ಹಲಗೆ ಹಾಕಿದ್ದ ಜಾಗದಲ್ಲಿ ಈಗ ಗಾರೆಯ ಇಳಿಜಾರಿದೆ. ಅದರ ಬುಡಕ್ಕೆ ಬಂದು ಅವರು ನಿಂತರು. ಮೇಲೆ ಕರೆಯಬೇಕೋ ಬೇಡವೋ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ.

"ಸಾರ್, ಮೇಲೆ ಹೋಗ್ತೀರಾ, ಇಲ್ಲೇ ಇರ್ತೀರಾ?"

ಅವರು ತಲೆಯೆತ್ತಿ ಫೋಟೋವನ್ನು ನೋಡಿದರು.

"ಇಲ್ಲೇ ಇರ್ತೀನಿ ಕಣಪ್ಪ. ಇವತ್ತು ಕೆಳಗಿಂದ ನೋಡ್ಬೇಕು ಅನ್ನಿಸ್ತಿದೆ."

ನಾನು ಎದ್ದುಹೋಗಿ ಮೈಕಿನ ಮುಂದೆ ನಿಂತೆ. ವೇದಿಕೆಯ ಮೇಲೆ ಕುರ್ಚಿಯಲ್ಲಿದ್ದದ್ದು ಮೇಡಂ ಫೋಟೋ ಒಂದೇ. "ವೇದಿಕೆಯ ಮೇಲೆ ಆಸೀನರಾಗಿರುವ ನಮ್ಮ ಮೇಡಂ ಅವರೇ" ಎಂದೆ, ಧ್ವನಿ ಮೈಕನ್ನು ಮುಟ್ಟಲಿಲ್ಲ. ಹಿಂದಿನ ಸಾಲಿನಿಂದ ಯಾರೋ, "ಕೇಳಿಸ್ತಿಲ್ಲ ಸಾರ್" ಎಂದರು. ನಾನು ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಸಲ ಹೇಳಿದೆ.